ಬೆನ್ನಿನ ಬಿಲ್ಲೆಯ ಚರಿತ್ರೆ

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ, ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಟ್ರಂಕೊಂದನ್ನು ಒಬ್ಬನೇ ಕೆಳಗಿಳಿಸುವ ದುರ್ಬುದ್ಧಿ ನನಗೆ ಹುಟ್ಟಿತು. ಅದರಲ್ಲಿದ್ದದ್ದು ಬೆಳ್ಳಿಬಂಗಾರವಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು ಕೂಡಿಟ್ಟ ಕಾಗದಪತ್ರಗಳು. ಟ್ರಂಕು ನೆಲ ಮುಟ್ಟುವ ಮೊದಲೇ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡು ಮಲಗಿದೆ. ಮೂರನೆಯ ದಿನ ನೋವು ಸೊಂಟವನ್ನು ಬಿಟ್ಟು ಎಡಗಾಲಿಗೆ ಇಳಿಯಿತು. ಪೃಷ್ಠದಿಂದ ತೊಡೆಗೆ, ತೊಡೆಯಿಂದ ಮೀನಖಂಡದ ಹೊರಮಗ್ಗುಲಿಗೆ, ಅಲ್ಲಿಂದ ಕಾಲಿನ ಹೆಬ್ಬೆರಳಿಗೆ, ಕಾದ ತಂತಿಯೊಂದನ್ನು ಎಳೆದು ಕಟ್ಟಿದಂತೆ. ಕುಳಿತರೆ ನೋವು, ನಿಂತರೆ ನೋವು. ಕೆಮ್ಮಿದರಂತೂ ಕಣ್ಣಿಗೆ ಕತ್ತಲೆ.

ಮೊದಲು ಕಂಡ ಶಸ್ತ್ರವೈದ್ಯರು ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು, ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಬಿಲ್ಲೆ ಹೊರಕ್ಕೆ ಚಾಚಿ ನರವನ್ನು ಒತ್ತುತ್ತಿರುವುದನ್ನು ತೋರಿಸಿದರು. “ಮೇಷ್ಟ್ರೇ, ಮುಂದಿನ ವಾರವೇ ತೆಗೆದುಬಿಡೋಣ” ಎಂದರು. ಎರಡನೆಯವರು ವಯಸ್ಸಾದವರು. ಅದೇ ಚಿತ್ರವನ್ನು ನೋಡಿ, ನನ್ನ ಪಾದವನ್ನು ಮೇಲಕ್ಕೂ ಕೆಳಕ್ಕೂ ಒತ್ತಿಸಿ, “ಕಾಲಿನ ಬಲ ಕೆಟ್ಟಿಲ್ಲ. ಸ್ವಲ್ಪ ತಾಳಿ. ಬಹಳ ಜನಕ್ಕೆ ತಾನಾಗಿಯೇ ವಾಸಿಯಾಗುತ್ತೆ” ಎಂದರು. ಇಬ್ಬರೂ ಬಲ್ಲವರು, ಚಿತ್ರ ಒಂದೇ, ಕಾಲೂ ಒಂದೇ. ಮನೆಯಲ್ಲಿಯೂ ಪಕ್ಷಗಳು ಎರಡಾದುವು. ಎಂಬತ್ತು ದಾಟಿದ ನಮ್ಮ ತಾಯಿ, “ಬೆನ್ನಿಗೆ ಕತ್ತಿ ಹಾಕಿಸಿಕೊಂಡೋರು ನೆಟ್ಟಗೆ ಎದ್ದದ್ದುಂಟೇನಪ್ಪಾ?” ಎಂದರು. ನನ್ನ ಹೆಂಡತಿ, “ರಾತ್ರಿಯೆಲ್ಲ ನೀವು ನರಳೋದನ್ನ ಕೇಳೋಳು ನಾನು. ಏನಾದರೊಂದು ತೀರ್ಮಾನ ಮಾಡ್ರೀ” ಎಂದಳು.

ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ನುಡಿದಾಗ ಇತಿಹಾಸದ ಮೇಷ್ಟರಿಗೆ ಮಾಡಲು ತಿಳಿದಿರುವ ಕೆಲಸ ಒಂದೇ: ದಾಖಲೆಗಳ ಬೆನ್ನು ಹತ್ತುವುದು. ಚಾಪೆಯ ಮೇಲೆ ಮಲಗಿ, ಮೊಣಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಈ ಬಿಲ್ಲೆಯ ಪೂರ್ವೋತ್ತರವನ್ನು ಓದತೊಡಗಿದೆ. ನನ್ನಂತೆ ಸೊಂಟ ಹಿಡಿದುಕೊಂಡಿರುವ ವಾಚಕರು ಊರಿನಲ್ಲಿ ಬಹಳ ಮಂದಿ ಇರುವರಾಗಿ, ಓದಿದ್ದನ್ನು ಇಲ್ಲಿ ಹಂಚಿಕೊಳ್ಳುವುದು ಅಪ್ರಸ್ತುತವಾಗಲಾರದು.

ಹಳೆಯ ನೋವು

ನೋವು ಹೊಸದಲ್ಲ. ಚರಕಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿಯೇ ‘ಗೃಧ್ರಸಿ’ ಎಂಬ ರೋಗದ ವರ್ಣನೆಯಿದೆ. ಪೃಷ್ಠಭಾಗದಲ್ಲಿ ಮೊದಲಾಗಿ ತೊಡೆ, ಮೊಣಕಾಲು, ಜಂಘೆಗಳ ಮೂಲಕ ಪಾದಕ್ಕಿಳಿಯುವ ನೋವು ಅದು. ಗೃಧ್ರವೆಂದರೆ ಹದ್ದು, ಆ ಹಕ್ಕಿ ನೆಲದ ಮೇಲೆ ವಾಲಾಡಿಕೊಂಡು ನಡೆಯುವಂತೆ ರೋಗಿ ನಡೆಯುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಪಡಸಾಲೆಯಿಂದ ಬಚ್ಚಲಮನೆಗೆ ನಾನು ಹೋಗುವುದನ್ನು ನೋಡಿದವರಿಗೆ ಈ ವ್ಯುತ್ಪತ್ತಿಯಲ್ಲಿ ಸಂದೇಹ ಉಳಿಯುವುದಿಲ್ಲ. ಹಿಂದಿನವರು ಎಣ್ಣೆ, ಬಸ್ತಿಗಳನ್ನೂ, ನೋವು ಕೈಮೀರಿದಾಗ ರಕ್ತ ತೆಗೆಯುವುದನ್ನೂ ಬರೆ ಹಾಕುವುದನ್ನೂ ಹೇಳಿದರು. ಗ್ರೀಸಿನವರೂ ಬರೆಯನ್ನೇ ನಂಬಿದ್ದರು.

ಯುರೋಪಿನಲ್ಲಿ ಈ ನೋವನ್ನು ಕೀಲುನೋವಿನಿಂದ ಬೇರ್ಪಡಿಸಿದವನು ನೇಪಲ್ಸ್ ನಗರದ ಡೊಮೆನಿಕೊ ಕೊಟುನ್ಯೊ. ೧೭೬೪ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಇದು ಸೊಂಟದ ಕೀಲಿನದಲ್ಲ, ನರದ್ದು ಎಂದು ಅವನು ಸಾಧಿಸಿದ. ನರ ಯಾಕೆ ನೋಯುತ್ತದೆಂಬುದಕ್ಕೆ ಅವನು ಕೊಟ್ಟ ಕಾರಣ, ಅದರ ಸುತ್ತಲಿನ ಕೋಶದಲ್ಲಿ ದ್ರವ ಸೇರುತ್ತದೆ ಎಂಬುದು, ಸರಿಯಾಗಲಿಲ್ಲ.

ಇಂದಿಗೂ ಯಾವ ವೈದ್ಯರ ಬಳಿ ಹೋದರೂ ಅವರು ನಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಎತ್ತಿ ನೋಡುವರಷ್ಟೆ. ಈ ಪರೀಕ್ಷೆಗೆ ಪ್ಯಾರಿಸ್ಸಿನ ಲಾಸೇಗನ ಹೆಸರಿದೆ. ಅದನ್ನು ೧೮೮೧ರಲ್ಲಿ ಬರೆದವನು ಅವನ ಶಿಷ್ಯ ಫೋರ್ಸ್ಟ್. ಆದರೆ ಒಂದು ವರ್ಷ ಮೊದಲೇ, ೧೮೮೦ರಲ್ಲಿ, ಸರ್ಬಿಯಾದ ಲಾಜಾ ಲಾಜರೆವಿಚ್ ಎಂಬ ವೈದ್ಯನು ಕಾಲೆತ್ತಿದಾಗ ನರ ಹಿಗ್ಗಿ ಎಳೆತಕ್ಕೊಳಗಾಗುವುದೇ ನೋವಿಗೆ ಕಾರಣವೆಂದು ತನ್ನ ಭಾಷೆಯಲ್ಲಿ ಬರೆದಿದ್ದನು. ಈತ ಸರ್ಬಿಯನ್ ಭಾಷೆಯ ಶ್ರೇಷ್ಠ ಸಣ್ಣಕತೆಗಾರರಲ್ಲಿಯೂ ಒಬ್ಬ. ಸಣ್ಣ ಭಾಷೆಯಲ್ಲಿ ಬರೆದವನಿಗೆ ಕೀರ್ತಿ ತಡವಾಗಿ ಬರುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಗಡ್ಡೆಯಲ್ಲದ ಗಡ್ಡೆ

ಇಷ್ಟಾದರೂ ನರವನ್ನು ಒತ್ತುವುದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಬೆನ್ನೆಲುಬು ಮೂಳೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬ. ಎರಡು ತುಂಡುಗಳ ನಡುವೆ ಒಂದೊಂದು ಮೆತ್ತೆ. ಅದೇ ಡಿಸ್ಕು, ನಾನು ಬಿಲ್ಲೆ ಎಂದು ಕರೆದಿರುವುದು. ಹೊರಗೆ ನಾರಿನ ಗಟ್ಟಿಯಾದ ಬಳೆ, ಒಳಗೆ ಲೋಳೆಯಂತಹ ತಿರುಳು. ಬಳೆ ಸವೆದು ಬಿರಿದರೆ ತಿರುಳು ಹೊರಕ್ಕೆ ನುಗ್ಗುತ್ತದೆ. ‘ಡಿಸ್ಕ್ ಜಾರಿದೆ’ ಎಂದು ನಾವು ಹೇಳುವುದು ರೂಢಿಯ ಮಾತು. ಬಿಲ್ಲೆ ನಾಣ್ಯದಂತೆ ಜಾರುವುದಿಲ್ಲ, ಮಾಗಿದ ಹಣ್ಣಿನಂತೆ ಬಿರಿಯುತ್ತದೆ. ಆದ್ದರಿಂದ ಜಾರಿದ್ದನ್ನು ಒತ್ತಿ ಕೂರಿಸುತ್ತೇನೆ ಎನ್ನುವವರ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು.

೧೯೦೯ರಲ್ಲಿ ಬರ್ಲಿನ್ನಿನ ಒಪನ್‌ಹೈಮ್ ಮತ್ತು ಕ್ರೌಸ ಎಂಬಿಬ್ಬರು, ಬೆನ್ನು ತೆರೆದು ನರಗಳನ್ನು ಒತ್ತುತ್ತಿದ್ದ ಮೆದು ಎಲುಬಿನಂತಹ ಮುದ್ದೆಯನ್ನು ತೆಗೆದುದನ್ನು ವರದಿ ಮಾಡಿದರು. ರೋಗಿ ಚೇತರಿಸಿಕೊಂಡ. ಆದರೆ ತೆಗೆದದ್ದು ಬಿಲ್ಲೆಯ ಚೂರೆಂದು ಅವರಿಗೆ ತಿಳಿಯಲಿಲ್ಲ, ಗಡ್ಡೆಯೆಂದು ಬರೆದಿಟ್ಟರು. ೧೯೧೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಿಡಲ್‌ಟನ್ ಮತ್ತು ಟೀಚರ್ ಎಂಬ ವೈದ್ಯರು, ಭಾರ ಎತ್ತುವಾಗ ಬೆನ್ನು ಚಟಕ್ಕೆಂದು ಎರಡೂ ಕಾಲುಗಳ ಸ್ವಾಧೀನ ತಪ್ಪಿ ತೀರಿಕೊಂಡ ಒಬ್ಬ ಕೂಲಿಕಾರನ ಶವಪರೀಕ್ಷೆ ಮಾಡಿ, ಬಿಲ್ಲೆಯ ತಿರುಳೇ ಬೆನ್ನುಹುರಿಯ ಕಾಲುವೆಗೆ ನುಗ್ಗಿದ್ದನ್ನು ಕಂಡರು. ೧೯೨೯ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ, ಗಡ್ಡೆಯ ವೇಷ ಹಾಕಿ ಬರುವ ಬಿಲ್ಲೆಯ ಚೂರುಗಳ ಎರಡು ಪ್ರಕರಣಗಳನ್ನು ಸ್ಪಷ್ಟವಾಗಿಯೇ ಪ್ರಕಟಿಸಿದನು. ಯಾರೂ ಗಮನಿಸಲಿಲ್ಲ. ಆಗ ಕಾಲಿನ ನೋವಿಗೆ ಸೊಂಟದ ಬೇರೆ ಕೀಲನ್ನೋ ಹುಳುಕುಹಲ್ಲನ್ನೋ ದೂರುವುದು ವಾಡಿಕೆಯಾಗಿತ್ತು.

ಸಂದರ್ಭ ಒದಗಿದ್ದು ೧೯೩೨ರಲ್ಲಿ, ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. ಹಿಮದ ಮೇಲೆ ಜಾರುವ ಆಟದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದ ಇಪ್ಪತ್ತೆಂಟರ ತರುಣನೊಬ್ಬ, ಮೂಳೆವೈದ್ಯ ಜೋಸೆಫ್ ಬಾರ್‌ನ ಬಳಿಗೆ ಬಂದ. ನೋವು ತಗ್ಗದಿರಲು ಬಾರ್ ಅವನನ್ನು ನರಶಸ್ತ್ರವೈದ್ಯ ವಿಲಿಯಂ ಜೇಸನ್ ಮಿಕ್ಸ್ಟರ್‌ಗೆ ತೋರಿಸಿದ. ಮಿಕ್ಸ್ಟರ್ ಬೆನ್ನು ತೆರೆದು ‘ಗಡ್ಡೆ’ಯೊಂದನ್ನು ತೆಗೆದ. ಬಾರ್‌ಗೆ ಸಮಾಧಾನವಾಗಲಿಲ್ಲ. ಆ ಚೂರನ್ನು ಆರೋಗ್ಯವಂತ ಬಿಲ್ಲೆಯ ಪಕ್ಕದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ ಪದಾರ್ಥ! ಆಮೇಲೆ ಆಸ್ಪತ್ರೆಯ ಕಪಾಟಿನಲ್ಲಿ ಗಡ್ಡೆಗಳೆಂದು ಚೀಟಿ ಅಂಟಿಸಿಟ್ಟಿದ್ದ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದರು. ಅವುಗಳಲ್ಲಿ ಹಲವು ಬಿರಿದ ಬಿಲ್ಲೆಯ ಚೂರುಗಳೇ ಆಗಿದ್ದುವು. ಹಳೆಯ ದಾಖಲೆಗಳನ್ನು ಹೊಸ ಕಣ್ಣಿನಿಂದ ಓದುವುದೆಂದರೆ ಏನೆಂದು ವಿದ್ಯಾರ್ಥಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಹತ್ತೊಂಬತ್ತು ರೋಗಿಗಳ ವೃತ್ತಾಂತವುಳ್ಳ ಅವರ ಲೇಖನ ೧೯೩೪ನೆಯ ಆಗಸ್ಟ್ ೨ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಈ ರೋಗಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು, ಬಹಳ ತಡಮಾಡದಿದ್ದರೆ ಫಲ ತೃಪ್ತಿಕರ ಎಂಬುದು ಅವರ ತೀರ್ಮಾನ. ನನ್ನ ಮೊದಲನೆಯ ವೈದ್ಯರ ಮಾತಿನ ಬೇರು ಇಲ್ಲಿದೆ.

ಕತ್ತಿಯ ದಿನಗಳು

ಆ ಲೇಖನದಿಂದ ಒಂದು ಯುಗವೇ ಆರಂಭವಾಯಿತು. ಕಾಲಿಗಿಳಿಯುವ ನೋವೆಲ್ಲ ಬಿಲ್ಲೆಯದು, ಬಿಲ್ಲೆಯದೆಲ್ಲ ಕತ್ತಿಗೆ ಎಂಬಷ್ಟು ಉತ್ಸಾಹ. ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಕಾಲೂರಿದ್ದು ಸ್ವಾತಂತ್ರ್ಯ ಬಂದ ಮೇಲೆ: ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದ ೧೯೪೯ರಲ್ಲಿ, ಮದ್ರಾಸಿನಲ್ಲಿ ಬಿ. ರಾಮಮೂರ್ತಿಯವರಿಂದ ೧೯೫೦ರಲ್ಲಿ, ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಆರ್. ಎಂ. ವರ್ಮಾ ಅವರಿಂದ ೧೯೫೮ರಲ್ಲಿ.

ಈ ಮಾತು ಬಂದಾಗ ನಮ್ಮ ತಾಯಿ ತಮ್ಮ ಅಣ್ಣನ ಕಥೆ ಹೇಳಿದರು. ನಾನು ಹುಟ್ಟುವುದಕ್ಕೆ ಮುಂಚಿನದು. ನನ್ನ ಸೋದರಮಾವ ಇದೇ ನೋವಿನಿಂದ ಆಸ್ಪತ್ರೆ ಸೇರಿ, ಹಲಗೆಯ ಮಂಚದ ಮೇಲೆ, ಕಾಲಿಗೆ ತೂಕ ಕಟ್ಟಿಸಿಕೊಂಡು ಎರಡು ತಿಂಗಳು ಮಲಗಿದ್ದರಂತೆ. ಮನೆಗೆ ಬಂದ ಮೇಲೆ ಹಳ್ಳಿಯಿಂದ ತಂದ ಎಣ್ಣೆ ತಿಕ್ಕಿಸಿಕೊಂಡರು, ನೋವು ಹೋಯಿತು. ತೂಕದಿಂದ ಎಂದು ಕೆಲವರು, ಎಣ್ಣೆಯಿಂದ ಎಂದು ಕೆಲವರು, ಹರಕೆಯಿಂದ ಎಂದು ಅಜ್ಜಿ. ಪಕ್ಕದ ಮಂಚದವರು ಆಪರೇಷನ್ ಮಾಡಿಸಿಕೊಂಡರು. ಅವರು ಕಡೆಯವರೆಗೂ ಕೋಲು ಹಿಡಿದೇ ನಡೆದರಂತೆ. ನಮ್ಮ ತಾಯಿಯ ಭಯ ಮೂಢನಂಬಿಕೆಯಲ್ಲವೆಂದು ಆಗ ನನಗೆ ತಿಳಿಯಿತು. ಅದು ಅವರು ಕಣ್ಣಾರೆ ಕಂಡ ಒಂದು ಕಾಲದ ನೆನಪು.

ಆ ಕಾಲದ ಭಯಕ್ಕೆ ಲೋಕಪ್ರಸಿದ್ಧ ಸಾಕ್ಷಿಯೊಬ್ಬರಿದ್ದಾರೆ, ಜಾನ್ ಕೆನಡಿ. ಅವರಿಗೆ ೧೯೪೪ರಲ್ಲಿ ಬೋಸ್ಟನ್ನಿನಲ್ಲಿ ಬಿಲ್ಲೆಯ ಶಸ್ತ್ರಚಿಕಿತ್ಸೆಯಾಯಿತು. ತೆರೆದು ನೋಡಿದಾಗ ನಿರೀಕ್ಷಿಸಿದಷ್ಟು ಹೊರಚಾಚು ಕಾಣಲಿಲ್ಲ, ನೋವೂ ಹೋಗಲಿಲ್ಲ. ೧೯೫೪ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಲೋಹದ ತಗಡು ಹಾಕಿ ಬೆನ್ನುಮೂಳೆಯನ್ನು ಬೆಸೆದರು. ಅವರಿಗೆ ಅಡ್ರಿನಲ್ ಗ್ರಂಥಿಗಳ ಕಾಯಿಲೆ ಮೊದಲೇ ಇತ್ತು. ಸೋಂಕು ತಗುಲಿ, ಪ್ರಜ್ಞೆ ತಪ್ಪಿ, ಪಾದ್ರಿಯನ್ನು ಕರೆಸಿ ಅಂತ್ಯಕಾಲದ ವಿಧಿ ನಡೆಸುವವರೆಗೂ ಹೋಯಿತು. ೧೯೫೫ರ ಫೆಬ್ರವರಿಯಲ್ಲಿ ತಗಡನ್ನು ಹೊರತೆಗೆದರು. ಅಧ್ಯಕ್ಷರಾದ ಮೇಲೆ, ೧೯೬೧ರ ಕೊನೆಯಲ್ಲಿ, ಹಾನ್ಸ್ ಕ್ರೌಸ್ ಎಂಬ ವೈದ್ಯರು ಹೇಳಿಕೊಟ್ಟ ಅಂಗಸಾಧನೆಯಿಂದ ಅವರಿಗೆ ಎಷ್ಟೋ ಸುಖವಾಯಿತು. ಕಾಲಿನ ನರದ ಒತ್ತಡ ಬೇರೆ, ಬರಿಯ ಸೊಂಟದ ನೋವು ಬೇರೆ. ಮೊದಲನೆಯದಕ್ಕೆ ಕತ್ತಿ ನೆರವಾಗಬಲ್ಲದು, ಎರಡನೆಯದರಲ್ಲಿ ಅದರ ಮಾತನ್ನು ನಂಬುವಂತಿಲ್ಲ. ಕೆನಡಿಯವರ ಕಥೆಯಿಂದ ನಾನು ಕಲಿತದ್ದು ಇದನ್ನು.

ಕತ್ತಿಗೆ ಪ್ರತಿಯಾಗಿ ಪರಂಗಿಹಣ್ಣೂ ಬಂದಿತೆಂದರೆ ವಾಚಕರು ನಗಬಹುದು. ೧೯೫೬ರಲ್ಲಿ ಲೂಯಿಸ್ ಥಾಮಸ್ ಎಂಬ ಅಮೆರಿಕದ ವಿಜ್ಞಾನಿ, ಪರಂಗಿಯ ಹಾಲಿನಲ್ಲಿರುವ ಪಾಚಕದ್ರವ್ಯವನ್ನು ಮೊಲಗಳಿಗೆ ಚುಚ್ಚಿದಾಗ ಅವುಗಳ ನೆಟ್ಟನೆಯ ಕಿವಿಗಳು ಒದ್ದೆಬಟ್ಟೆಯಂತೆ ಜೋತುಬಿದ್ದುವು. ಕಿವಿಯ ಮೆದು ಎಲುಬು ಕರಗುವುದಾದರೆ ಬಿಲ್ಲೆಯ ತಿರುಳೂ ಕರಗಬಾರದೇಕೆ? ಲೈಮನ್ ಸ್ಮಿತ್ ಎಂಬ ವೈದ್ಯ ಅದರ ಸಹೋದರ ದ್ರವ್ಯವೊಂದನ್ನು ರೋಗಿಗಳ ಬಿಲ್ಲೆಗೆ ಚುಚ್ಚಿ, ೧೯೬೪ರಲ್ಲಿ ಫಲಿತಾಂಶ ಪ್ರಕಟಿಸಿದ. ೧೯೮೨ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಹಲವರಿಗೆ ಗುಣವಾಯಿತು, ಕೆಲವರಿಗೆ ಮೈಗೆ ಒಗ್ಗದೆ ಪ್ರಾಣಾಪಾಯವಾಯಿತು. ಕ್ರಮೇಣ ಆ ಔಷಧ ಮಾರುಕಟ್ಟೆಯಿಂದಲೇ ಮರೆಯಾಯಿತು. ಅಷ್ಟರಲ್ಲಿ ಕತ್ತಿಯೂ ಸೂಕ್ಷ್ಮವಾಗಿತ್ತು. ೧೯೭೭ರಲ್ಲಿ ಜ್ಯೂರಿಕ್ಕಿನ ಯಾಷಾರ್ಗಿಲ್ ಮತ್ತು ಜರ್ಮನಿಯ ಕಾಸ್ಪಾರ್ ಬೇರೆಬೇರೆಯಾಗಿಯೇ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಚಿಕ್ಕ ಗಾಯದ ಮೂಲಕ ಚೂರನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ನಮ್ಮ ತಾಯಿ ಕಂಡ ಆಪರೇಷನ್ನಿಗೂ ಈಗಿನದಕ್ಕೂ ಹೆಸರೊಂದೇ ಸಮ.

ತಕ್ಕಡಿಗೆ ಬಂದ ಕತ್ತಿ

ಮಿಕ್ಸ್ಟರ್ ಮತ್ತು ಬಾರ್‌ರ ಲೇಖನ ಬಂದು ಸುಮಾರು ಐವತ್ತು ವರ್ಷ ಕಳೆಯುವವರೆಗೂ ಒಂದು ಸರಳವಾದ ಪ್ರಶ್ನೆಗೆ ಉತ್ತರವಿರಲಿಲ್ಲ: ಆಪರೇಷನ್ ಮಾಡದೆ ಬಿಟ್ಟಿದ್ದರೆ ಇವರಿಗೆ ಏನಾಗುತ್ತಿತ್ತು? ಅದನ್ನು ಕೇಳಿದವನು ನಾರ್ವೆಯ ಹೆನ್ರಿಕ್ ವೆಬರ್. ಯಾವ ದಾರಿ ಮೇಲೆಂದು ವೈದ್ಯರಿಗೇ ನಿಶ್ಚಯವಿಲ್ಲದ ೧೨೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರಿಯ ಆರೈಕೆ ಕೊಟ್ಟು, ಹತ್ತು ವರ್ಷ ಅವರನ್ನು ಹಿಂಬಾಲಿಸಿ ೧೯೮೩ರಲ್ಲಿ ಫಲ ಪ್ರಕಟಿಸಿದ. ಒಂದು ವರ್ಷಕ್ಕೆ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಗಣನೆಗೆ ಸಿಗದಷ್ಟಾಯಿತು. ಹತ್ತನೆಯ ವರ್ಷಕ್ಕೆ ಇಬ್ಬರೂ ಸಮ.

ಅನಂತರ ಎಂ.ಆರ್.ಐ. ಬಂದು ಬಿಲ್ಲೆ ಎಲ್ಲರ ಕಣ್ಣಿಗೂ ಬಿತ್ತು. ಹೊಸ ಗೊಂದಲವೂ ಹುಟ್ಟಿತು. ೧೯೯೪ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬೆನ್ನುನೋವೇ ಇಲ್ಲದ ೯೮ ಮಂದಿಯ ಬೆನ್ನಿನ ಚಿತ್ರ ತೆಗೆದರು. ಅವರಲ್ಲಿ ನೂರಕ್ಕೆ ೫೨ ಮಂದಿಯ ಬಿಲ್ಲೆ ಒಂದಲ್ಲ ಒಂದು ಕಡೆ ಉಬ್ಬಿತ್ತು. ನೂರಕ್ಕೆ ೨೭ ಮಂದಿಯಲ್ಲಿ ಹೊರಕ್ಕೆ ಚಾಚಿಯೇ ಇತ್ತು. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ಚಿತ್ರವೂ, ನೋವಿನ ದಾರಿಯೂ, ಕಾಲೆತ್ತುವ ಪರೀಕ್ಷೆಯೂ ಒಂದೇ ಕಥೆ ಹೇಳಿದಾಗ ಮಾತ್ರ ಅದು ಸಾಕ್ಷ್ಯ. ಇದರೊಡನೆ ಇನ್ನೊಂದು ಸಂಗತಿ ತಿಳಿದುಬಂತು: ಹೊರಬಿದ್ದ ಚೂರನ್ನು ಮೈಯೇ ಪರಕೀಯವೆಂದು ಬಗೆದು ಮೆಲ್ಲಮೆಲ್ಲನೆ ತಿಂದುಹಾಕುತ್ತದೆ. ಬಿಡಿಯಾಗಿ ಬಿದ್ದ ದೊಡ್ಡ ಚೂರುಗಳೇ ಎಷ್ಟೋ ವೇಳೆ ಬೇಗ ಕರಗುತ್ತವೆ. ಸೋದರಮಾವನ ರೋಗಕ್ಕೆ ಮದ್ದಾದದ್ದು ತೂಕವೂ ಅಲ್ಲ, ಎಣ್ಣೆಯೂ ಅಲ್ಲ. ಬಹುಶಃ ಆ ಎರಡು ತಿಂಗಳುಗಳೇ.

ಅಮೆರಿಕದಲ್ಲಿ ೨೦೦೬ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಯಲ್ಲಿ ೫೦೧ ರೋಗಿಗಳನ್ನು ಚೀಟಿಯ ಮೇಲೆ ಹಂಚಿದರು. ಆದರೆ ಮನುಷ್ಯರು ಚೀಟಿಯ ಮಾತು ಕೇಳುತ್ತಾರೆಯೆ? ಎರಡು ವರ್ಷಗಳಲ್ಲಿ, ಆಪರೇಷನ್ ಬಂದವರಲ್ಲಿ ನೂರಕ್ಕೆ ೬೦ ಮಂದಿ ಮಾತ್ರ ಮಾಡಿಸಿಕೊಂಡರು; ಬೇಡವೆಂದು ಬಂದವರಲ್ಲಿ ನೂರಕ್ಕೆ ೪೫ ಮಂದಿ ಮಾಡಿಸಿಕೊಂಡುಬಿಟ್ಟರು! ಎರಡು ಗುಂಪಿನವರೂ ಬಹಳವಾಗಿ ಸುಧಾರಿಸಿದರಾದರೂ ಲೆಕ್ಕ ಕಲಸಿಹೋಯಿತು. ಮರುವರ್ಷ ಹಾಲೆಂಡಿನಿಂದ ಬಂದ ವರದಿ ಹೆಚ್ಚು ತಿಳಿಯಾಗಿತ್ತು. ಆರರಿಂದ ಹನ್ನೆರಡು ವಾರ ತೀವ್ರ ನೋವುಂಡ ೨೮೩ ಮಂದಿಯಲ್ಲಿ, ಬೇಗ ಆಪರೇಷನ್ನಿಗೆ ಹೋದವರು ಬೇಗ ಚೇತರಿಸಿಕೊಂಡರು. ಕಾದವರಲ್ಲಿ ನೂರಕ್ಕೆ ೩೯ ಮಂದಿ ಕಡೆಗೆ ಆಪರೇಷನ್ನಿಗೇ ಬಂದರು. ವರ್ಷ ತುಂಬುವ ಹೊತ್ತಿಗೆ ಎರಡು ಕಡೆಯೂ ನೂರಕ್ಕೆ ೯೫ ಮಂದಿ ಗುಣ ಹೊಂದಿದ್ದರು.

ಇದನ್ನು ಓದಿದಾಗ ನನ್ನ ಇಬ್ಬರು ವೈದ್ಯರ ವಿರೋಧ ಕರಗಿತು. ಇಬ್ಬರೂ ಸತ್ಯವನ್ನೇ ಹೇಳಿದ್ದರು. ಆಪರೇಷನ್ ಕೊಡುವುದು ಕಾಲನ್ನಲ್ಲ, ಕಾಲವನ್ನು. ಕಾದರೂ ಬರಬಹುದಾದ ಸುಖವನ್ನು ಅದು ಕೆಲವು ತಿಂಗಳು ಮುಂಚೆ ತಂದುಕೊಡುತ್ತದೆ. ಆ ತಿಂಗಳುಗಳ ಬೆಲೆ ಎಷ್ಟೆಂದು ಹೇಳಬೇಕಾದವನು ವೈದ್ಯನಲ್ಲ, ನೋವು ತಿನ್ನುವವನು.

ತೀರ್ಮಾನ

ವಯಸ್ಸಾದ ವೈದ್ಯರ ಬಳಿಗೆ ಹೋಗಿ, ದೀಪಾವಳಿಯವರೆಗೆ ಕಾಯುತ್ತೇನೆ ಎಂದೆ. ಅವರು ಒಪ್ಪಿ ಕೆಲವು ಷರತ್ತು ಹಾಕಿದರು. ಮಲಮೂತ್ರಗಳ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮುಹಿಡಿದಂತಾದರೆ, ಪಾದದ ಬಲ ಇಳಿಯುತ್ತ ಹೋದರೆ, ಗಡುವನ್ನು ಮರೆತು ಅದೇ ದಿನ ಆಸ್ಪತ್ರೆಗೆ ಓಡಿಬರಬೇಕು. ಅಲ್ಲಿ ಕಾಯುವುದು ವಿವೇಕವಲ್ಲ, ಅಪಾಯ. ಮಲಗಿಯೇ ಇರಬಾರದು, ಆದಷ್ಟು ನಡೆದಾಡಬೇಕು. ಮಾತ್ರೆ ನುಂಗಿದೆ, ವ್ಯಾಯಾಮ ಮಾಡಿದೆ, ಬೆನ್ನಿಗೊಂದು ಇಂಜೆಕ್ಷನ್ನನ್ನೂ ತೆಗೆದುಕೊಂಡೆ. ಪ್ರತಿದಿನ ಬೆಳಿಗ್ಗೆ ಹಿಮ್ಮಡಿಯ ಮೇಲೆ ನಿಂತು ಹೆಬ್ಬೆರಳನ್ನು ಮೇಲೆತ್ತಿ ನೋಡುವುದು ಸಂಧ್ಯಾವಂದನೆಯಂತೆ ಅಭ್ಯಾಸವಾಯಿತು.

ದೀಪಾವಳಿ ಬಂತು, ಹೋಯಿತು. ಬಲ ಉಳಿದಿದೆ, ನೋವೂ ಉಳಿದಿದೆ. ನೂರಕ್ಕೆ ಇಷ್ಟು ಮಂದಿ ತಾವಾಗಿ ಗುಣ ಹೊಂದುತ್ತಾರೆಂಬ ಲೆಕ್ಕದಲ್ಲಿ ನಾನು ಉಳಿದವರ ಸಾಲಿಗೆ ಸೇರಿದವನಿರಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತು ಪಾಠ ಹೇಳಲಾರೆ. ಕುಳಿತು ಹೇಳಲಂತೂ ಆಗುವುದೇ ಇಲ್ಲ. ನಾಲ್ಕು ತಿಂಗಳು ಕಳೆದ ಮೇಲೂ ನೋವು ಬಿಡದವರ ವಿಷಯದಲ್ಲಿ ಕೆನಡಾದಲ್ಲಿ ನಡೆದ ಒಂದು ಪರೀಕ್ಷೆ ೨೦೨೦ರಲ್ಲಿ ಪ್ರಕಟವಾಗಿದೆ. ರೋಗಿಗಳು ೧೨೮ ಮಂದಿ. ಆರು ತಿಂಗಳ ಮೇಲೆ, ಹತ್ತರ ಅಳತೆಯಲ್ಲಿ ಕಾಲುನೋವು ಆಪರೇಷನ್ ಆದವರಲ್ಲಿ ೨.೮ಕ್ಕೆ ಇಳಿದಿತ್ತು, ಕಾದವರಲ್ಲಿ ೫.೨ರಲ್ಲಿ ನಿಂತಿತ್ತು. ಈ ಕಾಗದವನ್ನು ಹಿಡಿದುಕೊಂಡು ಹೋದಾಗ ವೈದ್ಯರು ನಕ್ಕು, “ಮೇಷ್ಟ್ರೇ, ಈಗ ನಾನೂ ಬೇಡ ಅನ್ನೋದಿಲ್ಲ. ಸೊಂಟದ ನೋವು ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋದಿಲ್ಲ. ಕೆಲವರಿಗೆ ಅದೇ ಜಾಗದಲ್ಲಿ ಮತ್ತೆ ಚೂರು ಬರೋದೂ ಉಂಟು. ಕಾಲಿನ ನೋವಿಗೆ ಮಾತ್ರ ಒಳ್ಳೆ ಭರವಸೆ ಇದೆ” ಎಂದರು.

ಬರುವ ಗುರುವಾರಕ್ಕೆ ದಿನ ಗೊತ್ತಾಗಿದೆ. ನಮ್ಮ ತಾಯಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣನ ಕಾಲ ಬೇರೆ, ನಿನ್ನ ಕಾಲ ಬೇರೆ” ಎಂದು ದೇವರ ಮನೆಗೆ ಎದ್ದುಹೋದರು. ಹೆಂಡತಿ ಆಸ್ಪತ್ರೆಗೆ ಬೇಕಾದ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಳೆ. ನಡುಮನೆಯ ಮೂಲೆಯಲ್ಲಿ ಆ ಟ್ರಂಕು ಆಷಾಢದಿಂದ ಇಟ್ಟಲ್ಲಿಯೇ ಇದೆ. ಅದನ್ನು ಮತ್ತೆ ಅಟ್ಟಕ್ಕೇರಿಸಲು ಇಬ್ಬರು ಆಳುಗಳನ್ನು ಕರೆಸುವುದೆಂದು ಮನೆಯವರೆಲ್ಲ ಏಕಕಂಠದಿಂದ ತೀರ್ಮಾನಿಸಿದ್ದಾರೆ. ಈ ಒಂದು ವಿಷಯದಲ್ಲಿ ಎರಡನೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.